ಬೀಗರಿಗೆ ಊರು ತೋರಿಸಿದ್ದು

ಕೆಳಗಿನ ಮನೆಯವರು ಬೆಳಿಗ್ಗೆಯಿಂದ ಮೆಣಸಿನಕಾಯಿ ಹುರಿಯುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಘಾಟು ಒಳಗೆ ಬಂದೇ ಬಂತು. ಸೀನಿ ಸೀನಿ ಸಾಕಾಗಿ ಕೂತಾಗ ನಮ್ಮಪ್ಪನ ನೆನಪಾಯಿತು. ಅಪ್ಪ ಸೀನುವುದರಲ್ಲೂ ಒಂದು ಶಿಸ್ತಿತ್ತು. ಮೊದಲು ಕನ್ನಡಕ ತೆಗೆಯಬೇಕು, ಆಮೇಲೆ ಕರವಸ್ತ್ರ ಬಿಚ್ಚಬೇಕು, ಸುತ್ತಲಿದ್ದವರತ್ತ ಒಮ್ಮೆ ನೋಡಿ ಕ್ಷಮೆ ಕೇಳಬೇಕು. ಸೀನು ಅಲ್ಲಿಯವರೆಗೆ ಕಾಯಬೇಕು. ಅಂಥವರು ಲಕ್ಷ್ಮೇಶ್ವರದ ಪೇಟೆಯಲ್ಲಿ ಕನ್ನಡಕ ತೆಗೆಯಲೂ ಪುರುಸೊತ್ತಿಲ್ಲದೆ ಸೀನಿದ ದಿನವೊಂದಿದೆ. ಅದನ್ನೇ ಹೇಳುತ್ತೇನೆ. ನಡುವೆ ನಾನು ದಾರಿ ಬಿಟ್ಟು ಹೊರಳಿದರೆ ಸ್ವಲ್ಪ ಸಹಿಸಿಕೊಳ್ಳಿ. ನಿಮಗೂ ಈಗ ಅಂಥ ತುರ್ತು ಕೆಲಸವೇನೂ ಇದ್ದ ಹಾಗೆ ಕಾಣುವುದಿಲ್ಲ.

ನಾನು ಮೈಸೂರಿನಲ್ಲಿ ಹುಟ್ಟಿದವಳು. ಕನ್ನಡ ಸೀಮೆಗಳೆಲ್ಲ ಒಂದಾದ ಮರುವರ್ಷವೇ ನನ್ನನ್ನು ಗದುಗಿಗೆ ಕೊಟ್ಟರು. ಬೆಟಗೇರಿಯ ನೇಕಾರರಿಗೆ ನೂಲು ಮಾರುವ ಮನೆತನ. ಓಣಿಯವರು ನನಗೆ ‘ಏಕೀಕರಣದ ಸೊಸಿ’ ಎಂದು ಹೆಸರಿಟ್ಟರು. ಏಕೀಕರಣದ ಸೊಸಿ ಚಾ ತಂದಳು, ಏಕೀಕರಣದ ಸೊಸಿ ನೀರಿಗೆ ಹೊಂಟಳು. ಆದರೆ ನಾನು ಬಡಿದ ಜೋಳದ ರೊಟ್ಟಿ ಮಾತ್ರ ಏಕೀಕರಣಕ್ಕೆ ಮೊದಲಿನ ನಕಾಶೆಯ ಹಾಗೆ ಹರಿದು ಹಂಚಿಹೋಗಿರುತ್ತಿತ್ತು. ಹಂಚಿನ ಮುಂದೆ ಕೂತು, ಹೊಗೆಯ ನೆಪದಲ್ಲಿ ನಾನು ಅತ್ತದ್ದೂ ಉಂಟು.

ಆ ಅಳುವಿನ ಸುದ್ದಿ ಹೇಗೋ ಮೈಸೂರಿಗೆ ಮುಟ್ಟಿತು. ಅಪ್ಪ ರೈಲು ಹತ್ತಿ ಬಂದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು ಅವರು. ಜೀವನದಲ್ಲಿ ಒಂದು ಸುಳ್ಳು ಹೇಳಿದವರಲ್ಲ, ಬೇರೆಯವರ ಸುಳ್ಳನ್ನು ತಿದ್ದದೆ ಬಿಟ್ಟವರೂ ಅಲ್ಲ. ಬಂದ ದಿನವೇ ನನ್ನನ್ನು ಒಂದು ಕಡೆ ಕರೆದು, “ನಿನಗೆ ಇಲ್ಲಿ ಒಗ್ಗಿಲ್ಲ ಅಂತ ಕಾಣುತ್ತೆ. ಒಂದು ವರ್ಷ ನಮ್ಮ ಮನೇಲಿ ಇದ್ದು ಬಾ. ನಾನು ಬೀಗರ ಹತ್ತಿರ ಮಾತಾಡ್ತೀನಿ” ಎಂದರು. ನಾನು ಬೇಡವೆನ್ನಲಿಲ್ಲ. ಒಂದು ವರ್ಷವೆಂದು ಹೋದ ಸೊಸೆ ತಿರುಗಿ ಬರುವುದು ಎಷ್ಟು ಕಷ್ಟವೆಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನನ್ನ ಗಂಡ, ಪಾಪ, ಎಲ್ಲವನ್ನೂ ಕೇಳಿಸಿಕೊಂಡು ಏನೂ ಕೇಳಿಸದವರಂತೆ ನೂಲಿನ ಕಟ್ಟುಗಳನ್ನು ಅತ್ತಿಂದಿತ್ತ ಸರಿಸುತ್ತಿದ್ದರು.

ಆ ಮಾತು ನೀಲವ್ವತ್ತೆಯ ಕಿವಿಗೂ ಬಿತ್ತು. ನೀಲವ್ವತ್ತೆ ಎಂದರೆ ನಮ್ಮ ಮಾವನವರ ಅಕ್ಕ. ಗದುಗಿನಲ್ಲಿ ಹುಟ್ಟಿ, ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತಿರುಗಿ ಗದುಗಿಗೆ ಬಂದವಳು. “ಹುಟ್ಟಿದ್ದು ಬ್ರಿಟಿಷರ ಸೀಮ್ಯಾಗ, ಬಾಳೇವು ಮಾಡಿದ್ದು ಸಂಸ್ಥಾನದಾಗ, ತಿರುಗಿ ಬಂದಿದ್ದು ಮುಂಬಯಿ ಸರಕಾರಕ್ಕ, ಈಗ ನೋಡಿದ್ರ ಮೈಸೂರ ರಾಜ್ಯದಾಕಿ ಆಗೀನಿ. ಇಷ್ಟೆಲ್ಲಾ ರಾಜ್ಯಾ ತಿರುಗಿದ್ರೂ ಗದಗ-ಲಕ್ಷ್ಮೇಶ್ವರದ ಮೋಟಾರ ಬಿಟ್ಟು ಬ್ಯಾರೆ ಹತ್ತಿಲ್ಲ” ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ಮರ್ಯಾದೆಗೆಂದು ಅವಳನ್ನು “ತಿಂಡಿ ಆಯಿತೇ?” ಎಂದು ಕೇಳಿದರು. ಅತ್ತೆ ಸೆರಗು ಸರಿಪಡಿಸಿಕೊಂಡು, “ನನಗ್ಯಾತರ ತಿಂಡಿ ಬೀಗರ? ನಾ ಯಾರ ಸುದ್ದಿಗೂ ಹೋಗಾಕಿ ಅಲ್ಲ” ಎಂದಳು. ಈ ಕಡೆ ತಿಂಡಿ ಎಂದರೆ ತುರಿಕೆ. ಜಗಳಕ್ಕೆ ಮೈ ತುರಿಸುವವರಿಗೂ ಅದೇ ಮಾತು. ಅಪ್ಪನಿಗೆ ಅದನ್ನು ವಿವರಿಸುವಷ್ಟರಲ್ಲಿ ನನ್ನ ಮುಖ ಕೆಂಪಾಗಿ, ಅವರ ಮುಖ ಇನ್ನೂ ಕೆಂಪಾಯಿತು. ಅವರು ನನ್ನನ್ನು ಕರೆದುಕೊಂಡು ಆ ದಿನವೇ ಹೊರಡಬೇಕೆಂದಿದ್ದರು. ಅತ್ತೆ, “ಇವತ್ತ ದಕ್ಷಿಣಕ್ಕ ಪ್ರಯಾಣ ಛಲೋ ಅಲ್ಲರಿ. ನಾಳಿನೂ ಅಲ್ಲ. ಊರರೆ ನೋಡ್ರಿ” ಎಂದಳು. ಪಂಚಾಂಗ ನಂಬದ ಅಪ್ಪ, ಹೆಂಗಸಿನ ಎದುರು ವಾದಿಸುವುದು ಹೇಗೆಂದು ತಿಳಿಯದೆ ಚಪ್ಪಲಿ ಮೆಟ್ಟಿದರು.

ಮೊದಲು ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಗುಡಿ. ಅತ್ತೆ ಕೈ ಮುಗಿದು ಶುರುಮಾಡಿದಳು. “ಮೂರೂ ಮಂದಿ ಅಣ್ಣತಮ್ಮಂದಿರು. ಪಾಲು ಆಗಬಾರದು ಅಂತ ಕೂಡೇ ಕುಂತಾರ.”

“ಬ್ರಹ್ಮ, ವಿಷ್ಣು, ಮಹೇಶ್ವರ” ಎಂದರು ಅಪ್ಪ.

“ಹೌದಲ್ಲ, ಅವರ” ಎಂದಳು ಅತ್ತೆ, ಅಪ್ಪ ತನ್ನ ಮಾತಿಗೇ ಸಾಕ್ಷಿ ಹೇಳಿದರೆಂಬಂತೆ.

ಪಕ್ಕದ ಸರಸ್ವತಿ ಗುಡಿಯ ಕಂಬಗಳನ್ನು ನೀವು ನೋಡಿರಬೇಕು. ಬೆಣ್ಣೆಯಲ್ಲಿ ತಿರುವಿದಂಥ ನಯ. ಅಪ್ಪ ಅವುಗಳ ಮುಂದೆ ಮೈಮರೆತು ನಿಂತು, ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲನ್ನು ಹೇಗೆ ಕಡೆಯುತ್ತಿದ್ದರೆಂದು ನನಗೆ ಹೇಳುತ್ತಿದ್ದರು. ಅತ್ತೆ ನಡುವೆ ಬಂದು, “ಆ ಶಿಲ್ಪಿ ಹೇಣ್ತಿ ಭಾಳ ಜೋರಿದ್ಲಂತ. ಆಕಿ ಕೈಯಾಗಿನ ಲಟ್ಟಣಿಗಿ ದಿನಾ ನೋಡಿ ನೋಡಿ ಹಿಂಗ ಕೆತ್ಯಾನ” ಎಂದಳು. ಅಪ್ಪ ಆಧಾರ ಕೇಳಿದರು. ಅತ್ತೆ ಕಂಬವನ್ನೇ ತೋರಿಸಿದಳು. ಅಪ್ಪ ಮತ್ತೆ ಕಂಬವನ್ನು ನೋಡಿದರು. ಲಟ್ಟಣಿಗೆಯ ಹಾಗೆ ಕಂಡಿತೆಂದು ಕಾಣುತ್ತದೆ, ಮುಂದಿನ ಕಂಬಕ್ಕೆ ನಡೆದರು.

ಎರಡನೆಯ ದಿನ ಲಕ್ಷ್ಮೇಶ್ವರ. ಮೋಟಾರಿನಲ್ಲಿ ಸೊರಟೂರಿನ ಮಂದಿ ಜೋಳದ ಚೀಲಗಳೊಡನೆ ಹತ್ತಿ, ಅಪ್ಪನ ತೊಡೆಯ ಮೇಲೆ ಒಂದು ಕೋಳಿಬುಟ್ಟಿಯಿಟ್ಟು, “ಸ್ವಲ್ಪ ಹಿಡ್ಕೋರಿ ಯಜಮಾನ್ರ” ಎಂದರು. ಅರಮನೆಯ ದರ್ಬಾರಿನಲ್ಲಿ ಆಹ್ವಾನಿತರ ಸಾಲಿನಲ್ಲಿ ಕೂತಿದ್ದ ನಮ್ಮಪ್ಪ ಕೋಳಿಬುಟ್ಟಿಯನ್ನು ದಾರಿಯುದ್ದಕ್ಕೂ ಎರಡೂ ಕೈಯಿಂದ ಹಿಡಿದು ಕೂತರು. ಅತ್ತೆ ಕಿಟಕಿಯಾಚೆ ನೋಡುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಸಂಸ್ಥಾನವಿದ್ದಾಗ ಇದೇ ದಾರಿಯಲ್ಲಿ ಗಡಿಯ ಸುಂಕದ ನಾಕೆಯವರು ತನ್ನ ರೊಟ್ಟಿಗಂಟು ಬಿಚ್ಚಿಸಿ ನೋಡುತ್ತಿದ್ದರೆಂದು ಹೇಳಿದಳು. ಅದು ನಿಜವೇ ಇರಬೇಕು, ಏಕೆಂದರೆ ಹೇಳುವಾಗ ಅವಳು ನಗಲಿಲ್ಲ.

ಪೇಟೆಗೆ ಹೊಕ್ಕದ್ದೇ ತಡ, ಮೆಣಸಿನಕಾಯಿಯ ರಾಶಿಗಳು. ಅಪ್ಪನ ಶಿಸ್ತೆಲ್ಲ ಅಲ್ಲಿ ಮುರಿದು ಬಿತ್ತು. ಅವರು ಕಂಬವೊಂದಕ್ಕೆ ಒರಗಿ ಸೀನುತ್ತಿರುವಾಗ ನಾನು ಮನೆಗೆಂದು ಮೆಣಸಿನಕಾಯಿ ನೋಡುತ್ತ ನಿಂತೆ. ವ್ಯಾಪಾರಿ ಬೊಗಸೆ ತುಂಬ ಕೆಂಪಾದ ಹೊಸ ಕಾಯಿ ಎತ್ತಿ ತೋರಿಸಿದ. ನಾನು ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿದೆ.

“ಮ್ಯಾಲ ಹೊಸಾವು ಇಟ್ಟು ಬುಡಕ ಹ್ವಾದ ವರ್ಷದ್ದು ಹಾಕೀರಲ್ಲ ಯಣ್ಣಾ. ಬಣ್ಣ ನೋಡ್ರಿ, ಹುಣಸಿಹಣ್ಣಾಗ್ಯಾವ. ಮನ್ಯಾಗ ಇದನ್ನ ಕುಟ್ಟಿದ್ರ ನಮ್ಮತ್ತಿ ನನ್ನ ಕುಟ್ತಾಳ.”

ವ್ಯಾಪಾರಿ ನಕ್ಕು ಬೇರೆ ಚೀಲ ಬಿಚ್ಚಿದ. “ಯಾವೂರ ತಂಗಿ ನಿಂದು?”

“ಗದಗ” ಎಂದೆ.

ಹೇಳಿದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ಕೇಳಿಸಿದ್ದು. ತಿರುಗಿ ನೋಡಿದರೆ ಅಪ್ಪ ಸೀನುವುದನ್ನು ನಿಲ್ಲಿಸಿದ್ದರು. ಕನ್ನಡಕ ಕೈಯಲ್ಲಿತ್ತು. ಯಾರೋ ಗುರುತಿನವರನ್ನು ಕಂಡಂತಾಗಿ, ಯಾರೆಂದು ತಕ್ಷಣ ಹೊಳೆಯದವರಂತೆ ನನ್ನನ್ನೇ ನೋಡುತ್ತಿದ್ದರು.

ಅಲ್ಲಿಂದ ಸೋಮೇಶ್ವರನ ಗುಡಿಗೆ ಹೋದೆವು. ನಂದಿಯ ಮೇಲೆ ಶಿವ ಪಾರ್ವತಿ ಜೊತೆಯಾಗಿ ಕೂತಿರುವ ಅಪರೂಪದ ಮೂರ್ತಿ. ದರ್ಶನ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕೂತಾಗ ಅತ್ತೆಗೆ ಏದುಸಿರು ಬಂದಿತ್ತು. ಕಥೆ ಹೇಳುವ ತ್ರಾಣವಿರಲಿಲ್ಲ. ಬೆಳ್ಳಟ್ಟಿಯಿಂದ ಬಂದಿದ್ದ ನಾಲ್ಕಾರು ಹೆಂಗಸರು, ಅಪ್ಪನ ಕೋಟು, ತಲೆಯ ರುಮಾಲು ನೋಡಿ ಬಲ್ಲವರಿರಬೇಕೆಂದುಕೊಂಡು ಹತ್ತಿರ ಬಂದರು. “ಯಜಮಾನ್ರ, ಶಿವಾ ಪಾರ್ವತಿ ಯಾಕ ಹಿಂಗ ಎತ್ತು ಹತ್ತಿ ಕುಂತಾರ್ರಿ?”

ಅಪ್ಪ ಗಂಟಲು ಸರಿಮಾಡಿಕೊಂಡರು. ಇನ್ನು ಶತಮಾನಗಳು ಬರುತ್ತವೆಂದು ನಾನು ಕಾದೆ.

“ಪಾರ್ವತಿಯನ್ನ ಈ ಊರಿಗೆ ಕೊಟ್ಟಿದ್ದರಮ್ಮ” ಎಂದರು ಅಪ್ಪ. “ಅವಳಿಗೆ ಇಲ್ಲಿ ಒಗ್ಗಲಿಲ್ಲ ಅಂತ ಅವಳ ತಂದೆ ಹಿಮವಂತ ಕರಕೊಂಡು ಹೋಗೋದಕ್ಕೆ ಬಂದ. ದೂರದಿಂದ ಬಂದಿದ್ದ, ಬೆಟ್ಟದವನು, ಈ ಸೆಕೆಯೆಲ್ಲ ಅವನಿಗೆ ತಡೆಯೋದಿಲ್ಲ. ಮಗಳನ್ನ ಹುಡುಕಿಕೊಂಡು ಪೇಟೆಗೆ ಹೋದ. ಅಲ್ಲಿ ನೋಡಿದರೆ ಅವಳು ವ್ಯಾಪಾರಿ ಜೊತೆ ಜಗಳ ಆಡ್ತಿದ್ದಾಳೆ, ಈ ಊರಿನ ಮಾತಿನಲ್ಲೇ. ಹಿಮವಂತನಿಗೆ ಅರ್ಧ ಮಾತು ಅರ್ಥವೇ ಆಗಲಿಲ್ಲ.”

“ಮುಂದ?” ಎಂದಳು ಒಬ್ಬಾಕೆ.

“ಮುಂದೇನು, ಹಾಗೇ ಹಿಂದಿರುಗಿದ. ಶಿವನಿಗೆ ಸಮಾಧಾನವಾಯಿತು. ಹೆಂಡತಿಯನ್ನ ನಂದಿ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದ. ಅದೇ ಇದು.”

ಬೆಳ್ಳಟ್ಟಿಯ ಹೆಂಗಸರು ಮತ್ತೊಮ್ಮೆ ಒಳಗೆ ಹೋಗಿ ಕೈ ಮುಗಿದರು. ಅಪ್ಪ ನನ್ನ ಕಡೆ ನೋಡಲಿಲ್ಲ. ರುಮಾಲಿನ ತುದಿಯನ್ನು ಎಳೆದೆಳೆದು ಸರಿಮಾಡುತ್ತಿದ್ದರು. ನನಗೆ ನಗು ಬಂತೋ ಅಳು ಬಂತೋ, ಎರಡನ್ನೂ ನುಂಗಿ ಮೆಣಸಿನಕಾಯಿ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನೀಲವ್ವತ್ತೆ ಮಾತ್ರ ಅಪ್ಪನನ್ನು ಮೇಲಿಂದ ಕೆಳಗೆ ಅಳೆದು, “ಆಧಾರ ಏನರೀ ಬೀಗರ?” ಎಂದಳು.

“ಮೂರ್ತಿ ಒಳಗಿದೆಯಲ್ಲ” ಎಂದರು ಅಪ್ಪ.

ಮರುದಿನ ಅವರು ಒಬ್ಬರೇ ಹೊರಟರು. ನನ್ನ ಗಂಡ ಸ್ಟೇಶನ್ನಿನವರೆಗೂ ಪೆಟ್ಟಿಗೆ ಹೊತ್ತು ಬಂದು, ಹಮಾಲನಿಗೆ ಮುಟ್ಟಲೂ ಬಿಡಲಿಲ್ಲ. ರೈಲು ಅಲುಗಾಡಿದಾಗ ಅಪ್ಪ ಕಿಟಕಿಯಿಂದ, “ಜಲ್ದಿ ಮನಿಗೆ ಹೋಗು” ಎಂದರು. ಉಚ್ಚಾರ ಬಹಳ ಕೆಟ್ಟದಾಗಿತ್ತು. ಆಮೇಲೆ ಅವರು ಎಷ್ಟೋ ಸಲ ಬಂದರು. ಕರೆದೊಯ್ಯುವ ಮಾತು ತೆಗೆಯಲಿಲ್ಲ. ನೀಲವ್ವತ್ತೆಯೂ ಅವರೂ ಬೆಟಗೇರಿಯ ವೀರಗಲ್ಲುಗಳ ಮುಂದೆ ನಿಂತು, ಯಾವ ವೀರ ಯಾವ ಕಾರಣಕ್ಕೆ ಸತ್ತನೆಂದು ಗಂಟೆಗಟ್ಟಲೆ ಪೈಪೋಟಿಯಲ್ಲಿ ಹೇಳುತ್ತಿದ್ದರು.

ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಇಷ್ಟು ಬರೆಯುವ ಹೊತ್ತಿಗೆ ಫೋನು ಬಂತು. ಮೈಸೂರಿನಿಂದ ನನ್ನ ತಮ್ಮನ ಮೊಮ್ಮಗಳು. ಗೆಳತಿಯರೊಡನೆ ನಮ್ಮ ಕಡೆಯ ಗುಡಿಗಳನ್ನು ನೋಡಲು ಬರುತ್ತಾಳಂತೆ. ಊರು ತೋರಿಸಲು ಒಳ್ಳೆಯ ಗೈಡ್ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಯಾರೂ ಬೇಕಿಲ್ಲ, ನಾನೇ ಬರುತ್ತೇನೆ ಎಂದೆ. “ಅಜ್ಜಿ, ನಿಮಗೆ ಚರಿತ್ರೆಯೆಲ್ಲ ಗೊತ್ತಾ?” ಎಂದಳು.

ಲಕ್ಷ್ಮೇಶ್ವರದ ಬಸದಿಯ ಹತ್ತಿರ ಹೇಳುವುದಕ್ಕೆ ನನ್ನಲ್ಲಿನ್ನೂ ಯಾವ ಕಥೆಯೂ ಇಲ್ಲ. ಅವರು ಬರುವುದು ಭಾನುವಾರ. ಅಷ್ಟರಲ್ಲಿ ಏನಾದರೂ ಹೊಳೆಯುತ್ತದೆ.