ಬೆಚ್ಚಗಿಡಿ ಅಂದರು ಡಾಕ್ಟರು

"ಬೀಡಿ ಸೇದ್ತೀರಾ?"

ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದ್ದು ಯಾರನ್ನು ಅಂತೀರಿ? ನಮ್ಮ ಅಕ್ಕನನ್ನು! ಕಾಸಗಲ ಕುಂಕುಮ, ಮೈತುಂಬ ಸೆರಗು, ಎದುರಿಗೆ ಗಂಡಸರು ಬಂದರೆ ಬಾಗಿಲ ಹಿಂದೆ ಸರಿಯುತ್ತಿದ್ದ ನಮ್ಮಕ್ಕನನ್ನು.

ಅಕ್ಕನಿಗೆ ಮೊದಲೇ ಉಸಿರಿಲ್ಲ. ಇದ್ದ ಅಷ್ಟಿಷ್ಟು ಉಸಿರೂ ನಗುವಿಗೆ ಖರ್ಚಾಯಿತು. ನಕ್ಕಳು, ಕೆಮ್ಮಿದಳು, ಮಂಚದ ಕಂಬಿ ಹಿಡಿದು ಕೂತಳು. ಉಸಿರು ವಾಪಸು ಬಂದ ಮೇಲೆ ಸಿಟ್ಟೂ ಬಂತು.

"ಎಂಥ ಮಾತು ಡಾಕ್ಟ್ರೇ! ನಮ್ಮನೇಲಿ ಗಂಡಸ್ರೇ ಸೇದಲ್ಲ. ಬೇಕಾದ್ರೆ ಇವ್ರನ್ನ ಕೇಳಿ."

'ಇವ್ರು' ಅಂದರೆ ನಮ್ಮ ಭಾವ. ಕೋರ್ಟಿನಲ್ಲಿ ನಿಂತವರ ಹಾಗೆ ಕೈಕಟ್ಟಿ ಸಾಕ್ಷಿ ನುಡಿದರು. "ಎಲೆ ಅಡಿಕೆ ಹಾಕ್ತಾಳೆ ಅಷ್ಟೇ. ಅದೂ ಊಟ ಆದ್ಮೇಲೆ."

ಡಾಕ್ಟರು ಮೈಸೂರು ಕಡೆಯವರು, ಇನ್ನೂ ಹುಡುಗ. ಮಲೆನಾಡಿಗೆ ಹೊಸದಾಗಿ ವರ್ಗವಾಗಿ ಬಂದವರು. ಸ್ಟೆತೊಸ್ಕೋಪನ್ನು ಮತ್ತೊಮ್ಮೆ ಅಕ್ಕನ ಬೆನ್ನಿಗಿಟ್ಟು ಕೇಳಿಸಿಕೊಂಡರು. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

"ಮನೇಲಿ ಹೊಗೆ ಏನಾದ್ರೂ ಇದೆಯಾ?"

"ಇಲ್ಲ" ಅಂದಳು ಅಕ್ಕ. "ಇಲ್ಲವೇ ಇಲ್ಲ" ಅಂದರು ಭಾವ.

ನಾವೆಲ್ಲ ಗೂರಲು ಎಂದು ಒಂದೇ ಮಾತಿನಲ್ಲಿ ಕರೆದು ಮುಗಿಸುವ ಕಾಯಿಲೆಗೆ ಡಾಕ್ಟರ ಹತ್ತಿರ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಉಸಿರಿನ ಕೊಳವೆಗಳು ವರ್ಷಗಟ್ಟಲೆ ಊದಿಕೊಂಡು ಹಾಳಾಗಿವೆಯಂತೆ. "ಹಾಳಾಗಿರೋದು ಸರಿಹೋಗಲ್ಲಮ್ಮ. ಉಳಿದಿರೋದನ್ನ ಉಳಿಸ್ಕೋಬೇಕು. ಹೀಗೇ ಪದೇ ಪದೇ ಜಾಸ್ತಿ ಆಗ್ತಿದ್ರೆ ಜೀವಕ್ಕೇ ಅಪಾಯ" ಎಂದರು. ಇಂಜೆಕ್ಷನ್ ಕೊಟ್ಟರು, ಮಾತ್ರೆ ಕೊಟ್ಟರು. ಕಳಿಸುವಾಗ ಭಾವನಿಗೆ ಒಂದು ಮಾತು ಹೇಳಿದರು.

"ಥಂಡಿ ತಾಗಬಾರದು. ಬೆಚ್ಚಗಿಡಿ."

ಈ 'ಬೆಚ್ಚಗಿಡಿ' ಎಂಬ ಒಂದು ಮಾತು ಮಾಡಿದ ಅನಾಹುತವನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆನಂದಪುರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಭಾವನದೊಂದು ಪುಟ್ಟ ಹೋಟೆಲ್ಲಿದೆ. ಶಿವಮೊಗ್ಗದ ಬಸ್ಸಿನವರು, ಲಿಂಗನಮಕ್ಕಿ ಅಣೆಕಟ್ಟಿಗೆ ಸಿಮೆಂಟು ಹೊತ್ತ ಲಾರಿಯವರು, ಎಲ್ಲರೂ ಅಲ್ಲಿ ಇಳಿದು ದೋಸೆ ತಿಂದೇ ಮುಂದೆ ಹೋಗುವುದು. ಭಾವ ಮುಂದೆ ಗಲ್ಲಾದಲ್ಲಿ, ಅಕ್ಕ ಹಿಂದೆ ಒಲೆಯ ಮುಂದೆ. ಮದುವೆಯಾದಂದಿನಿಂದ ಇದೇ ಏರ್ಪಾಡು. (ಹೋಟೆಲಿಗೆ ಭಾವನ ಹೆಸರು, ದೋಸೆಗೆ ಅಕ್ಕನ ಕೈ. ಇದೇನು ಆನಂದಪುರಕ್ಕೆ ಮಾತ್ರ ಸೀಮಿತವಾದ ಪದ್ಧತಿಯಲ್ಲ ಬಿಡಿ.)

ಆಸ್ಪತ್ರೆಯಿಂದ ಮನೆಗೆ ಹೋದ ಅಕ್ಕ ಕೆಲವೇ ದಿನಗಳಲ್ಲಿ ಮತ್ತೆ ಏದುಸಿರು ಬಿಡುತ್ತಾ ವಾಪಸು ಬಂದಳು. ವಾರ್ಡಿನಲ್ಲಿ ಮಲಗಿದಳು, ಚೇತರಿಸಿಕೊಂಡಳು, ಮನೆಗೆ ಹೋದಳು. ಮತ್ತೆ ಬಂದಳು! ಆ ವಾರ್ಡಿನ ಕಿಟಕಿಗಳಿಗೆ ಗಾಜೇ ಇಲ್ಲ. ಗಾಳಿ ಹೇಳದೆ ಕೇಳದೆ ನುಗ್ಗುತ್ತದೆ. ಅಂಥ ಕಡೆ ಆರಾಮಾಗುವವಳು ಸ್ವಂತ ಮನೆಯಲ್ಲಿ ಹೇಗೆ ಕೆಡುತ್ತಾಳೆ? ಭಾವನ ತೀರ್ಮಾನ ಸರಳವಾಗಿತ್ತು. "ಆ ಆಸ್ಪತ್ರೆ ಮಂಚದ್ದೇ ಎಂಥದೋ ಗುಣ ಮಾರಾಯ್ತಿ."

ಈ ಮಧ್ಯೆ ನೆಂಟರು ಸುಮ್ಮನಿರುತ್ತಾರೆಯೇ? ಉಮ್ಮತ್ತಿ ಎಲೆ ಒಣಗಿಸಿ ಸುಟ್ಟು ಅದರ ಹೊಗೆ ಎಳೆದುಕೋ ಎಂದು ತೀರ್ಥಹಳ್ಳಿಯ ಚಿಕ್ಕಪ್ಪ ಹೇಳಿ ಕಳಿಸಿದರು. (ಅದು ವಿಷ, ದಯವಿಟ್ಟು ಯಾರೂ ಆ ಸಾಹಸಕ್ಕೆ ಇಳಿಯಬೇಡಿ.) ಹೊಸನಗರದ ಅತ್ತೆ ಮೊಸರು ಬಿಡಿಸಿದರು. ಬಾಳೆಹಣ್ಣು ಬಿಡಿಸಿದರು. ಇನ್ನೊಂದು ಸಲ ಬಂದಿದ್ದರೆ ಅನ್ನವನ್ನೂ ಬಿಡಿಸುತ್ತಿದ್ದರೋ ಏನೋ. ಗೂರಲಿನವರ ಮನೆಯಲ್ಲಿ ಸಲಹೆಗಳಿಗೆ ಮಾತ್ರ ಯಾವತ್ತೂ ಉಸಿರು ಕಟ್ಟುವುದಿಲ್ಲ.

ಕಡೆಗೆ ಹೋದ ತಿಂಗಳು ಒಂದು ಭಾನುವಾರ, ನಾನು ಪಾಠ ಮಾಡುವ ಸಾಗರದ ಸ್ಕೂಲಿಗೆ ರಜೆ ಇದ್ದದ್ದರಿಂದ, ನಾನೇ ಆನಂದಪುರಕ್ಕೆ ಹೋದೆ. ಭಾವ ಬಾಯ್ತುಂಬ ಸ್ವಾಗತಿಸಿದರು.

"ಒಳಗೆ ಬಾ ಕಮಲಾ. ನಿಮ್ಮಕ್ಕಂಗೆ ಹೆಂಗೆ ವ್ಯವಸ್ಥೆ ಮಾಡಿದೀನಿ ನೋಡು."

ನೋಡಿದೆ. ಹೋಟೆಲಿನ ಅಡುಗೆಮನೆಯಲ್ಲಿ, ಒಲೆಗೆ ಒತ್ತಿಕೊಂಡು, ಅಕ್ಕನ ಮಂಚ! ಥಂಡಿ ಬರಬಾರದೆಂದು ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದ್ದಾರೆ. ಬಾಗಿಲ ಸಂದಿಗೆ ಹಳೆ ಪಂಚೆ. ಒಂದು ಒಲೆಯ ಮೇಲೆ ಸಾಂಬಾರು, ಇನ್ನೊಂದರ ಮೇಲೆ ಕಾವಲಿ. ಅಕ್ಕ ಕಂಬಳಿ ಹೊದ್ದು ಮಂಚದ ಮೇಲೇ ಕೂತು, ಕೈ ಚಾಚಿ ದೋಸೆ ಮಗುಚುತ್ತಿದ್ದಾಳೆ. ಬೆಚ್ಚಗೂ ಆಯಿತು, ಕೆಲಸವೂ ನಡೆಯಿತು.

ಭಾವನಿಗೆ ಅಕ್ಕನ ಮೇಲೆ ಪ್ರೀತಿ ಕಡಿಮೆಯೇ? ಖಂಡಿತಾ ಇಲ್ಲ. ಆ ಗೋಣಿಚೀಲವನ್ನು ಅವರು ಎಷ್ಟು ಕಾಳಜಿಯಿಂದ ತುರುಕಿದ್ದರೆಂದರೆ ಬೆಳಕೂ ಒಳಗೆ ಬರುತ್ತಿರಲಿಲ್ಲ.

ನನಗೆ ಕಣ್ಣು ಬಿಡಲಾಗಲಿಲ್ಲ. ಕೆಮ್ಮು ಬಂತು.

"ಅಕ್ಕಾ, ಈ ಹೊಗೇಲಿ ಹೆಂಗೆ ಕೂತಿದೀಯೇ?"

"ಹೊಗೆನಾ?" ಅಕ್ಕ ಸುತ್ತ ನೋಡಿದಳು. ತಮಾಷೆಗಲ್ಲ, ನಿಜವಾಗಿಯೂ ಹುಡುಕಿದಳು. "ಎಲ್ಲಿದೆ ಹೊಗೆ? ಒಲೆ ಉರೀತಾ ಇದೆ ಅಷ್ಟೇ ಅಲ್ವನೇ."

ಅಕ್ಕನ ಲೆಕ್ಕದಲ್ಲಿ ಹೊಗೆ ಅಂದರೆ ಬೀಡಿಯದು. ಅಥವಾ ಹಸಿ ಸೌದೆ ಉರಿಯದೆ ಮನೆ ತುಂಬಿಕೊಂಡಾಗ ಬರುವಂಥದ್ದು. ದಿನಾ ಒಲೆಯಿಂದ ಬರುವುದಕ್ಕೆ ಅವಳ ಹತ್ತಿರ ಹೆಸರೇ ಇಲ್ಲ. ಅಂದರೆ ಅವತ್ತು ಆಸ್ಪತ್ರೆಯಲ್ಲಿ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಡಾಕ್ಟರು ಕನ್ನಡದಲ್ಲೇ ಕೇಳಿದ್ದರು, ಇವರೂ ಕನ್ನಡದಲ್ಲೇ ಉತ್ತರಿಸಿದ್ದರು.

ಹತ್ತಿರ ಹೋಗಿ ನೋಡಿದರೆ ಅಕ್ಕನ ತುಟಿ ನೀಲಿಗಟ್ಟಿದೆ. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿದೆ. "ಕಾಫಿ ಕುಡೀತೀಯಾ" ಎನ್ನುವುದಕ್ಕೆ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ನನಗೆ ಭಯವಾಯಿತು. ಹೀಗೇ ಬಿಟ್ಟರೆ ಅಕ್ಕ ಉಳಿಯುವುದಿಲ್ಲ ಅನ್ನಿಸಿ ಅಳು ಬಂತು. (ಕಣ್ಣೀರು ನೋಡಿದ ಭಾವ "ಈರುಳ್ಳಿ ಹೆಚ್ಚಿದ್ದು ಈಗಷ್ಟೇ" ಎಂದರು.)

ಮರುದಿನ ಸ್ಕೂಲು ಮುಗಿಸಿ ನೇರ ಡಾಕ್ಟರ ಹತ್ತಿರ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ ಟೀಚರ್, ಬೆಚ್ಚಗಿಡಿ ಅಂದ್ರೆ ಸ್ವೆಟರ್ ಹಾಕ್ಸಿ ಅಂತ!"

ಮೈಸೂರಿನವರಿಗೆ ಬೆಚ್ಚಗೆ ಅಂದರೆ ಸ್ವೆಟರ್. ನಮ್ಮವರಿಗೆ ಬೆಚ್ಚಗೆ ಅಂದರೆ ಒಲೆ. ಯಾರದು ತಪ್ಪು, ಹೇಳಿ? ಡಾಕ್ಟರು ಪಾಪ, ಒಳ್ಳೆಯವರು. ತಕರಾರು ಮಾಡದೆ ಎಲ್ಲವನ್ನೂ ಹೊಸದಾಗಿ ವಿವರಿಸಿದರು. ಅಕ್ಕ ಒಲೆಯ ಹತ್ತಿರ ಸುಳಿಯಬಾರದು. ಕಿಟಕಿ ತೆರೆದಿರಬೇಕು, ಮೈಮೇಲೆ ಬಟ್ಟೆ ಇರಬೇಕು. ದಿಂಬು ಜಾಸ್ತಿ ಇಟ್ಟು ಒರಗಿ ಮಲಗಬೇಕು. ಉಸಿರು ಕಟ್ಟಿದಾಗ ಗಾಬರಿ ಬೀಳದೆ, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಉಸಿರು ಬಿಡಬೇಕು. ಮಾತ್ರೆ ತಪ್ಪಿಸಬಾರದು. "ಇನ್ಮೇಲೆ ಹೊಗೆ ಇದೆಯಾ ಅಂತ ಕೇಳಲ್ಲ. ದಿನಾ ಎಲ್ಲಿ ಕೂರ್ತೀರಿ ಅಂತ ಕೇಳ್ತೀನಿ" ಎಂದೂ ಸೇರಿಸಿದರು. ಆ ಒಂದು ಪ್ರಶ್ನೆ ಎಷ್ಟು ಇಂಜೆಕ್ಷನ್ನುಗಳನ್ನು ಉಳಿಸಬಹುದು, ಯೋಚಿಸಿ.

ಡಾಕ್ಟರ ಮಾತು ಹೊತ್ತು ಆನಂದಪುರಕ್ಕೆ ಮತ್ತೆ ಹೋದೆ. ಭಾವ ಎಲ್ಲಕ್ಕೂ ಒಪ್ಪಿದರು. ಮಂಚ ಜಗಲಿಗೆ ಬಂತು, ಗೋಣಿಚೀಲ ಹೊರಗೆ ಹೋಯಿತು. ಒಪ್ಪದೆ ಕೂತವಳು ಅಕ್ಕ.

"ನಾನು ಎದ್ರೆ ದೋಸೆ ಹುಯ್ಯೋರು ಯಾರು?"

"ಭಾವ ಹುಯ್ತಾರೆ" ಅಂದೆ.

ಲಾರಿಯವನೊಬ್ಬ ಎತ್ತಿದ ಲೋಟ ಹಾಗೇ ಹಿಡಿದು ಕೂತ. "ನಾನಾ?" ಅಂದರು ಭಾವ.

"ಬ್ಯಾಡ ಕಣೇ, ಗಿರಾಕಿಗಳು ಓಡಿ ಹೋಗ್ತಾರೆ" ಎಂದಳು ಅಕ್ಕ.

"ಓಡಿಹೋಗ್ಲಿ ಬಿಡಕ್ಕ. ನೀನು ಇರಬೇಕು ನಮಗೆ."

ಭಾವ ಒಂದು ಕ್ಷಣ ಅಕ್ಕನ ಮುಖ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಒಳಗೆ ಹೋದರು.

ಮೊದಲ ದಿನದ ದೋಸೆಗಳು ಭೂಪಟದ ಹಾಗಿದ್ದವಂತೆ. ಆದರೂ ಯಾರೂ ಓಡಲಿಲ್ಲ. ಅಕ್ಕ ಭಾವನ ಸ್ವೆಟರು ಹಾಕಿಕೊಂಡು, ರಸ್ತೆಯ ಗಾಳಿಗೆ ಮುಖ ಕೊಟ್ಟು ಗಲ್ಲಾದಲ್ಲಿ ಕೂತಳು. ಇಷ್ಟು ವರ್ಷ ತನ್ನ ದೋಸೆ ತಿಂದವರ ಮುಖಗಳನ್ನು ಅವಳು ನೋಡಿದ್ದು ಅದೇ ಮೊದಲು. "ದಿನಾ ಗರಿಗರಿ ಬೇಕು ಅಂತಿದ್ದೋರು ನೀವೇನಾ?" ಎಂದು ಬಸ್ ಕಂಡಕ್ಟರೊಬ್ಬರನ್ನು ಕೇಳಿದಳಂತೆ. ಬಾಗಿಲ ಹಿಂದೆ ಸರಿಯುವುದು ಮರೆತೇಹೋಯಿತು.

ಇತ್ತ ಭಾವನ ಕಣ್ಣು ಕೆಂಪಾಯಿತು. ಮೂಗು ಸೋರಿತು. ವಾರ ತುಂಬುವಷ್ಟರಲ್ಲಿ ಕೆಮ್ಮು ಹಿಡಿಯಿತು. ಒಂದು ಬೆಳಿಗ್ಗೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಗಿರಾಕಿಗಳ ಎದುರಿಗೇ ಕೂಗಿದರಂತೆ. "ಥೂ, ಎಂಥ ಹೊಗೆ ಮಾರಾಯ್ರೇ ಅದು! ಮನುಷ್ಯರು ಕೂರೋ ಜಾಗವಾ?"

ಮರುದಿನವೇ ಹಂಚು ತೆಗೆಸಿ, ಸಾಗರದಿಂದ ತಗಡು ತರಿಸಿ, ಒಲೆಯ ಮೇಲೆ ಉದ್ದನೆಯ ಹೊಗೆಗೂಡು ಕೂರಿಸಿದ್ದಾರೆ. ಮೊನ್ನೆ ಹೋದಾಗ ನೋಡಿ ಬಂದೆ. ಬಂದವರಿಗೆಲ್ಲ ಕರೆದು ತೋರಿಸುತ್ತಾರೆ.

ಅಕ್ಕನ ಗೂರಲು ಹೋಗಿಲ್ಲ. ಹೋಗುವುದೂ ಇಲ್ಲ. ದಿಬ್ಬ ಹತ್ತುವಾಗ ಈಗಲೂ ನಿಂತು ನಿಂತು ಹತ್ತುತ್ತಾಳೆ. ಆದರೆ ಆಮೇಲೆ ಆಸ್ಪತ್ರೆಯ ಮಂಚ ಹತ್ತಿಲ್ಲ, ತುಟಿಯ ನೀಲಿ ಇಳಿದಿದೆ. ನನಗೆ ಅಷ್ಟೇ ಸಾಕು.

ಒಂದೇ ಒಂದು ಸಂಗತಿ ಮಾತ್ರ ಗಂಟಲಿನಿಂದ ಇಳಿಯುತ್ತಿಲ್ಲ: ಅಕ್ಕ ಆ ಒಲೆಯ ಮುಂದೆ ಮದುವೆಯಾದಂದಿನಿಂದ ಕೆಮ್ಮಿದಳು, ಅವಳಿಗೆ ಸಿಕ್ಕಿದ್ದು ಕಷಾಯ, ಭಾವ ಒಂದೇ ಒಂದು ವಾರ ಕೆಮ್ಮಿದರು, ಬಂತು ನೋಡಿ ಹೊಗೆಗೂಡು!