ಹಗೇವಿನ ಮೇಲಿನ ಕಟ್ಟೆ

ಹೊಸ ಕಟ್ಟಡದೊಳಗೆ ಕಾಲಿಡುವ ಮುನ್ನ ಇವತ್ತಿಗೂ ನಾನು ಹಿಮ್ಮಡಿಯಿಂದ ನೆಲಕ್ಕೆ ಒಂದೇಟು ಹೊಡೆದು ನೋಡುತ್ತೇನೆ. ಬ್ಯಾಂಕಿರಲಿ, ಮದುವೆ ಛತ್ರವಿರಲಿ. ಮನೆಯವರು ನಗುತ್ತಾರೆ. ನಗಲಿ. ಆ ಒಂದು ದಿನವನ್ನು ನೆನೆದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ, ಅದರ ಜೊತೆಗೇ ನಗುವೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ಈವರೆಗೆ ಆಗಿಲ್ಲ.

ಸಿಂಧನೂರಿನ ಬಜಾರದಲ್ಲಿ ನಮ್ಮದು ಬಟ್ಟೆ ಅಂಗಡಿ. ಅಂಗಡಿ ಅಂದರೆ ಮನೆಯೇ. ಮುಂದಿನ ಪಡಸಾಲೆಯಲ್ಲಿ ಗಾದಿ ಹಾಸಿಕೊಂಡು ಅಪ್ಪ ಕೂರುತ್ತಿದ್ದರು, ಹಿಂದೆ ನಾವು ಇರುತ್ತಿದ್ದೆವು. ತಲೆಯ ಮೇಲೆ ಮರದ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸೀರೆಯ ನಿಜವಾದ ಬಣ್ಣ ಬೇಕಾದವರು ಅದನ್ನು ಬೆಳಕಿಂಡಿಯ ಕೆಳಗೆ ಒಯ್ದು ಹಿಡಿಯಬೇಕು. ಮುಂದೆ ಬೀದಿಗೆ ಚಾಚಿಕೊಂಡ ಒಂದು ಕಲ್ಲಿನ ಕಟ್ಟೆ.

ಆ ಕಟ್ಟೆ ನಮ್ಮ ಅತ್ತೆಯದು. ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ನಿಂತವಳು. ಮಧ್ಯಾಹ್ನ ಇಳಿದರೆ ಸಾಕು, ಹಣೆಗೆ ವಿಭೂತಿ ಹಚ್ಚಿ, ಎಲೆ ಅಡಿಕೆಯ ಚೀಲ ಹಿಡಿದು ಅಲ್ಲಿ ಕೂತುಬಿಡುತ್ತಿದ್ದಳು. ಮಸ್ಕಿಯ ಬಸ್ಸು ಯಾಕೆ ತಡವಾಯಿತು, ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದ ಯಾರ ಅಳಿಯ ಸೈಕಲ್ ಕೊಂಡ, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಎಲ್ಲ ಸುದ್ದಿಯೂ ಆ ಕಟ್ಟೆಗೆ ಹಾಜರಿ ಹಾಕಿಯೇ ಮುಂದೆ ಹೋಗಬೇಕು. ದೈವ ಅವಳಿಂದ ಗಂಡನನ್ನೂ ಮನೆಯನ್ನೂ ಕಸಿದುಕೊಂಡಿತ್ತು. ಊರಲ್ಲಿ ಅವಳದೆಂದು ಉಳಿದದ್ದು ಅಷ್ಟು ಕಲ್ಲು.

ಆಮೇಲೆ ಕಾಲುವೆ ಬಂತು. ನಾನು ರಾಯಚೂರಿನ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ಬೀದಿ ಬೇರೆಯದೇ ಆಗಿರುತ್ತಿತ್ತು. ಜೋಳದ ಬಂಡಿಗಳು ನಿಲ್ಲುತ್ತಿದ್ದಲ್ಲಿ ಭತ್ತದ ಲಾರಿಗಳು. ಊರ ಹೊರಗೆ ಅಕ್ಕಿ ಗಿರಣಿಯ ಹೊಗೆ. ಆಂಧ್ರದಿಂದ ಬಂದು ಕ್ಯಾಂಪು ಹೂಡಿದ ರೈತರು ಬಿಳಿ ಪಂಚೆಯುಟ್ಟು ಬರುತ್ತಿದ್ದರು. ಅಂಗಡಿಕಾರರೆಲ್ಲ ಅವರಿಗಾಗಿ ತೆಲುಗು ಕಲಿತರು. ಹಲಗೆ ಬಾಗಿಲುಗಳು ಹೋಗಿ ಶಟರ್ ಬಂದವು. ಬೆಳಿಗ್ಗೆ ಅವು ಒಂದರ ಹಿಂದೊಂದು ಗಡಗಡ ಮೇಲೇಳುವ ಸದ್ದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಅದನ್ನು ಕೇಳಲೆಂದೇ ಹಾಸಿಗೆ ಬಿಟ್ಟು ಏಳುತ್ತಿದ್ದೆ. ಹಸಿ ಸಿಮೆಂಟಿನ ವಾಸನೆ ಬಂದಲ್ಲೆಲ್ಲ ನಿಂತು ನೋಡುತ್ತಿದ್ದೆ. ನಮ್ಮೂರು ಕಣ್ಣೆದುರಿಗೇ ಪಟ್ಟಣವಾಗುತ್ತಿತ್ತು, ನನಗೂ ವಯಸ್ಸು ಹಾಗೇ ಇತ್ತು.

ಅಪ್ಪನೂ ಹಳೆಯ ಪಡಸಾಲೆಯನ್ನು ಕೆಡವಿ ಸ್ಲ್ಯಾಬಿನ ಅಂಗಡಿ ಕಟ್ಟಿಸಲು ಹೊರಟರು. ಗಾಜಿನ ಕಪಾಟು, ಎರಡು ಶಟರ್, ಒಂದು ಫ್ಯಾನು. ಕಟ್ಟೆ ಹೋಗಬೇಕು.

"ಕಟ್ಟಿ ಒಡದ್ರ ನಾ ಎಲ್ಲಿ ಕುಂದರ್ಲೋ ತಮ್ಮಾ?"

"ಒಳಗ ಫ್ಯಾನಿನ ಕೆಳಗ ಕುಂದ್ರು ಯಕ್ಕಾ. ಖುರ್ಚಿ ಹಾಕಸ್ತೀನಿ."

"ನಿನ್ನ ಫ್ಯಾನು ಊರ ಸುದ್ದಿ ಹೇಳತೈತೇನು? ಗಾಳಿ ಬೇಕಂದವ್ರಿಗೆ ಹಾಕು. ನನಗ ಮಂದಿ ಬೇಕು."

ಅಪ್ಪ ನಕ್ಕರು. ಕಟ್ಟೆ ಹೋಯಿತು. ಅದರ ಕಲ್ಲು, ಮಾಳಿಗೆಯ ಮಣ್ಣು ಎಲ್ಲ ಹಿತ್ತಲಲ್ಲಿ ಗುಡ್ಡೆ ಬಿತ್ತು. ಅತ್ತೆ ಅಪ್ಪನ ಜೊತೆ ಮಾತು ಬಿಡಲಿಲ್ಲ, ಅದು ಅವಳಿಂದ ಆಗುವ ಕೆಲಸವಲ್ಲ. ಆದರೆ ಅಂಗಡಿ ತೆರೆಯುವ ದಿನ, ಅಯ್ಯನವರ ಪೂಜೆ ಮುಗಿದು ಕಾಯಿ ಒಡೆಯುತ್ತಲೇ, ಒಳಗಿನಿಂದ ತನ್ನ ಹೊರಸನ್ನು ತರಿಸಿ, ಕಟ್ಟೆಯಿದ್ದ ಜಾಗಕ್ಕೆ ಸರಿಯಾಗಿ ಬೀದಿಯಲ್ಲೇ ಹಾಕಿಸಿಕೊಂಡು, ಆ ನುಲಿಯ ಮಂಚದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಯಕ್ಕಾ, ಗಿರಾಕಿ ಬರ್ತಾರ, ಮರ್ಯಾದಿ ಹೋಕ್ಕೈತಿ," ಎಂದರು ಅಪ್ಪ.

"ಬರ್ಲಿ. ನನ್ನ ಸುತ್ತ ಹಾಕ್ಕೊಂಡು ಬರ್ಲಿ. ಮೊದ್ಲೂ ಹಂಗ ಬರ್ತಿದ್ರು."

ಇಲ್ಲಿ ಒಂದು ಮಾತು ಹೇಳಬೇಕು. ಕಾಲುವೆಗೆ ಮೊದಲು ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಮನೆಯ ಮುಂದೆ ನೆಲದಲ್ಲಿ ಕಿರಿದಾದ ಬಾಯಿ, ಒಳಗೆ ಆಳವಾದ ದೊಡ್ಡ ಹೊಟ್ಟೆ. ಸುತ್ತ ದಂಟಿನ ಹಾಸು, ಬಾಯಿಗೆ ಚಪ್ಪಡಿ, ಅದರ ಮೇಲೆ ಮಣ್ಣು. ಭತ್ತ ಬಂದ ಮೇಲೆ ಜೋಳ ತುಂಬುವುದು ನಿಂತಿತು. ನಮ್ಮ ಮನೆಗೂ ಒಂದು ಹಗೇವು ಇತ್ತೆಂಬುದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಅದರ ಹೊಟ್ಟೆ ಇದ್ದದ್ದು ಕಟ್ಟೆಯ ಅಡಿಯಲ್ಲೇ. ಬಂಡಿಗಳು ಅದರ ಮೇಲೆ ಹಾಯದಂತೆ ಇಷ್ಟು ವರ್ಷ ತಡೆದಿದ್ದದ್ದು ಆ ಕಟ್ಟೆ.

ನಾನು ತಟ್ಟೆಯಲ್ಲಿ ಪೇಡೆ ಹಿಡಿದು ಹಂಚುತ್ತಿದ್ದೆ. ಅಂಗಡಿಯ ಮೆಟ್ಟಿಲ ಮೇಲಿಂದ ಅತ್ತೆಗೆ ಕೊಡಲು ಇನ್ನೇನು ಕೈ ಚಾಚಬೇಕು, ಭತ್ತ ಹೇರಿದ ಲಾರಿಯೊಂದು ಹೊಸದಾಗಿ ಅಗಲವಾದ ಜಾಗ ಕಂಡು ನಮ್ಮ ಬದಿಗೇ ಒತ್ತಿಕೊಂಡು ಬಂತು. ಮೊದಲು ಮೂಗಿಗೆ ಹಳೆಯ ಜೋಳದ ಮುಗ್ಗು ವಾಸನೆ ಬಡಿಯಿತು. ಆಮೇಲೆ ನೆಲ ಹೋಯಿತು. ಸದ್ದು ಕೊನೆಗೆ ಬಂತು, ಎಲ್ಲೋ ಆಳದಿಂದ, ದೊಪ್ಪನೆ. ಈಗಲೂ ನನ್ನೊಳಗೆ ಅದು ಇದೇ ಕ್ರಮದಲ್ಲಿ ನಡೆಯುತ್ತದೆ: ವಾಸನೆ, ನೆಲ, ಸದ್ದು.

ಧೂಳು ತಿಳಿಯಾದಾಗ ಅತ್ತೆ ಕೂತಲ್ಲೇ ಕೂತಿದ್ದಳು. ಹೊರಸಿನ ತಲೆಯ ಕಡೆಯ ಕಾಲುಗಳು ಈಚೆ ದಂಡೆಯ ಮೇಲೆ, ಆಚೆಯವು ಆಚೆಯ ದಂಡೆಯ ಮೇಲೆ. ನಡುವೆ ನುಲಿ, ನುಲಿಯ ಮೇಲೆ ಅತ್ತೆ, ಕೆಳಗೆ ಕತ್ತಲು. ಲಾರಿಯ ಎಂಜಿನ್ ಗುಡುಗುಡಿಸುತ್ತಿತ್ತು. ಅದು ಗುಡುಗಿದಷ್ಟೂ ದಂಡೆಯ ಮಣ್ಣು ಉದುರುತ್ತಿತ್ತು.

"ಬಂದ್ ಮಾಡ್ರಿ! ಎಂಜಿನ್ ಬಂದ್ ಮಾಡ್ರಿ!" ಎಂದು ಕೂಗಿದವನು ನಾನೇ ಎಂದು ಆಮೇಲೆ ಜನ ಹೇಳಿದರು. ಡ್ರೈವರು ಎಂಜಿನ್ ನಿಲ್ಲಿಸಿ, ಕಿಟಕಿಯಿಂದ ಅರ್ಧ ಹೊರಗೆ ಬಂದು, "ಪಟ್ಟುಕೋಮ್ಮಾ! ಪಟ್ಟುಕೋ!" ಎಂದು ತೆಲುಗಿನಲ್ಲಿ ಅರಚಿದ.

"ಏನಂತಾನ್ಲೇ ಅಂವಾ?" ಎಂದಳು ಅತ್ತೆ, ಅಲುಗದೆ.

"ಗಟ್ಟಿ ಹಿಡ್ಕೊ ಅಂತಾನ ಅತ್ತಿ."

"ಹಿಡ್ಕೊಳ್ಳದ ಇಲ್ಲಿ ಕೋಲಾಟ ಆಡಾಕತ್ತೀನೇನು?"

ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ಅಪ್ಪ ಒಳಗೆ ಓಡಿ ಕೈಗೆ ಸಿಕ್ಕ ಬಟ್ಟೆಯ ಥಾನನ್ನು ತಂದರು. ತೆಳ್ಳನೆಯ ಮಲ್‌ಮಲ್. ಅದನ್ನು ಬಿಚ್ಚಿ ಎಸೆಯಲು ಹೋದಾಗ ಅತ್ತೆಯ ದನಿ ಮೊದಲ ಸಲ ಏರಿತು.

"ಅದನ್ಯಾಕ ತಂದ್ಯೋ ಮಾರಾಯಾ! ಒಂದು ಒಗ್ತಕ್ಕ ಹರಿಯೋ ಅರಬಿ ಅದು, ಮಂದಿಗೆ ಮಾರು! ನನಗ ಮಾದರಪಾಟ ತಾ!"

ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿದ್ದಾಗ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಹೋಗಿ ಒರಟು ಮಾದರಪಾಟದ ಥಾನು ತಂದರು. ಒಂದು ತುದಿಯನ್ನು ಹೊಸ ಅಂಗಡಿಯ ಕಂಬಕ್ಕೆ ಸುತ್ತಿ, ಇನ್ನೊಂದನ್ನು ಎಸೆದರು. ಅತ್ತೆ ಒಂದು ಕೈಯಿಂದ ನುಲಿ ಹಿಡಿದು, ಇನ್ನೊಂದರಿಂದ ಬಟ್ಟೆಯನ್ನು ಕಂಕುಳ ಕೆಳಗೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ನಾವೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತು ಎಳೆಯತೊಡಗಿದೆವು. ಅತ್ತೆ ಹೊರಸಿನ ಮೇಲೆ ಗೇಣು ಗೇಣಾಗಿ ಸರಿದು ಬಂದಳು. ಅವಳು ತೂಕದ ಹೆಂಗಸು. ಹೊರಸು ಪ್ರತಿ ಸರಿತಕ್ಕೂ ಕಿರ್ ಅನ್ನುತ್ತಿತ್ತು.

"ಎಳೀರಿ! ಭತ್ತದ ಚೀಲ ಎತ್ತೋ ಮಂದಿ, ನಾ ಒಬ್ಬಾಕಿ ಭಾರಾದ್ನೇನು?"

ಅವಳ ಮೊಣಕಾಲು ಮೆಟ್ಟಿಲಿಗೆ ತಾಗಿದ ಗಳಿಗೆಗೆ ಆಚೆಯ ದಂಡೆ ಕುಸಿಯಿತು. ಹೊರಸು ತಲೆಕೆಳಗಾಗಿ ಹೋಯಿತು. ಸದ್ದು, ಮತ್ತೆ ಎಷ್ಟೋ ಹೊತ್ತಿಗೆ, ಆಳದಿಂದ ಬಂತು.

ಅಪ್ಪ ಅಕ್ಕನ ಪಾದ ಹಿಡಿದು ಮಗುವಿನ ಹಾಗೆ ಅಳತೊಡಗಿದರು. ಅತ್ತೆ ಸೆರಗಿನ ಧೂಳು ಕೊಡವಿಕೊಂಡು, ಮೈಗೆ ಸುತ್ತಿದ ಮಾದರಪಾಟವನ್ನು ಮುಟ್ಟಿ ನೋಡಿ, "ಬೋಣಿ ನಾ ಮಾಡಿದೆ ನೋಡು. ಹೊಸ ಅಂಗಡಿ ಮೊದಲ್ನೇ ಗಿರಾಕಿ ನಾನ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಲೇ ಶಾಣ್ಯಾ, ಪೇಡೆ ಎಲ್ಲಿ?" ತಟ್ಟೆ ನನ್ನ ಕೈಯಲ್ಲಿರಲಿಲ್ಲ. ಅದೂ ಹಗೇವಿಗೆ ಹೋಗಿತ್ತು. ಆಗ ಎದ್ದ ನಗುವಿಗೆ ಇಡೀ ಬಜಾರ ಸೇರಿತು. ಡ್ರೈವರು ಎಲ್ಲರಿಗಿಂತ ಜೋರಾಗಿ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದ.

"ನನ್ನ ಲಗ್ನದ ಜ್ವಾಳ ಇದರಾಗಿಂದನ ತಗದಿದ್ರಲ್ಲೋ ತಮ್ಮಾ," ಎಂದು ಅತ್ತೆ ಅವತ್ತು ಸಂಜೆಯೆಲ್ಲ ಹೇಳಿದ್ದನ್ನೇ ಹೇಳಿದಳು. "ಹೆಂಗ ಮರತ್ವಿ?"

ಮರುದಿನ ಬೆಳಿಗ್ಗೆ ಅಪ್ಪ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಹಗೇವಿಗೆ ಇಳಿಯುವ ಮೊದಲು ಹಿಂದೆಲ್ಲ ಹಾಗೆ ಮಾಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯುವ ಹಾಗಿಲ್ಲ. ಕಂದೀಲು ಸ್ವಲ್ಪ ದೂರ ಹೋಗಿ, ಯಾವ ಗಾಳಿಯೂ ಬೀಸದಿದ್ದರೂ, ತನ್ನಷ್ಟಕ್ಕೆ ಆರಿತು. ಒಳಗೆ ಕಟ್ಟಿಕೊಂಡದ್ದು ಎಂಥ ವಿಷಗಾಳಿಯೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಹೆಸರು ಗೊತ್ತಿದ್ದರೂ ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬಗ್ಗಿ ಆ ಕತ್ತಲನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

ಯಾರೂ ಹೇಳಬೇಕಾಗಲಿಲ್ಲ. ಅಪ್ಪನೇ ಕಲ್ಲು ಕಟ್ಟುವ ಗೌಂಡಿಯನ್ನು ಕರೆಸಿದರು. ಹಿತ್ತಲಲ್ಲಿ ಗುಡ್ಡೆ ಬಿದ್ದಿದ್ದ ಮಾಳಿಗೆಯ ಮಣ್ಣೆಲ್ಲ ಹಗೇವಿಗೆ ಹೋಯಿತು. ಸಾಲದೆ ಕಾಲುವೆಯ ದಂಡೆಯಿಂದ ಬಂಡಿಗಟ್ಟಲೆ ಮೊರಂ ಮಣ್ಣು ಬಂತು. ತುಂಬಿ, ನೀರು ಹಾಕಿ, ಬಡಿದು, ಅದರ ಮೇಲೆ ಹಳೆಯ ಕಲ್ಲುಗಳಿಂದಲೇ ಕಟ್ಟೆ ಎದ್ದಿತು. ಹಿಂದೆ ಗಾಜಿನ ಕಪಾಟು, ಶಟರು. ಮುಂದೆ ಒರಟು ಕಲ್ಲಿನ ಕಟ್ಟೆ. ಲಿಂಗಸುಗೂರಿನಿಂದ ಸೀರೆಗೆ ಬಂದವರು ಮೊದಲು ಅತ್ತೆಯ ಹತ್ತಿರ ಕೂತು ಹಗೇವಿನ ಕಥೆ ಕೇಳಿ, ಆಮೇಲೆ ಒಳಗೆ ಹೋಗುತ್ತಿದ್ದರು. ಕಥೆಯಲ್ಲಿ ಹಗೇವು ದಿನದಿನಕ್ಕೂ ಆಳವಾಗುತ್ತಿತ್ತು. ಅಪ್ಪ ಫ್ಯಾನಿನ ಕೆಳಗೆ ಖುಷಿಯಿಂದ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕಾಲೇಜಿಗೆ ಮರಳುವ ಹಿಂದಿನ ಸಂಜೆ ಅತ್ತೆ ಕಟ್ಟೆ ತಟ್ಟಿ ನನ್ನನ್ನು ಕರೆದಳು.

"ಬಾ, ಕುಂದ್ರು. ಇನ್ನ ಎಲ್ಲಿಗೂ ಹೋಗಂಗಿಲ್ಲ ಇದು."

ಹಿಮ್ಮಡಿಯಿಂದ ಒಂದೇಟು ಹೊಡೆದು ನೋಡಿದೆ. ಗಟ್ಟಿಯಾಗಿಯೇ ಇತ್ತು. ಆದರೂ ಕಾಲನ್ನು ಮೇಲೆತ್ತಿಕೊಂಡೇ ಕೂತೆ. ಅತ್ತೆ ಅದನ್ನು ನೋಡಿ, ತಾನೂ ಕಾಲು ಮೇಲೆತ್ತಿಕೊಂಡು, ಎಲೆಗೆ ಸುಣ್ಣ ಹಚ್ಚತೊಡಗಿದಳು.