ಒಂದು ಹೆಸರು, ಎರಡು ಪಾಳಿ

ಹೆತ್ತವರು ಇಟ್ಟ ಹೆಸರಿನ ಬಗ್ಗೆ ನನಗೆ ಯಾವತ್ತೂ ಹೆಮ್ಮೆ ಇರಲಿಲ್ಲ. ಊರಿನ ದೇವಿಯ ಹೆಸರು ಅದು. ಹೊನ್ನಾವರದಿಂದ ಹಳದೀಪುರದವರೆಗೆ ಯಾವ ಕೇರಿಯಲ್ಲಿ ನಿಂತು ಕೂಗಿದರೂ ಯಾರಾದರೊಬ್ಬಳು ಒಲೆ ಬಿಟ್ಟು ಎದ್ದು ಬರುತ್ತಿದ್ದಳು. ಇಲ್ಲಿ ಅದನ್ನು ಬರೆಯುವುದಿಲ್ಲ. ಬರೆದರೂ ಯಾರದ್ದೆಂದು ಗೊತ್ತಾಗುವ ಹೆಸರಲ್ಲ ಬಿಡಿ.

ಶರಾವತಿಯ ದಂಡೆಯಲ್ಲಿ ಒಂದು ಹಂಚಿನ ಕಾರ್ಖಾನೆ ಇತ್ತು. ಮದುವೆಯಾಗಿ ಹೊನ್ನಾವರಕ್ಕೆ ಬಂದ ಮರುವರ್ಷವೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಅಚ್ಚಿನಿಂದ ಬಿದ್ದ ಹಸಿ ಹಂಚನ್ನು ಹಲಗೆಯ ಮೇಲೆ ಇಟ್ಟುಕೊಂಡು ಒಣಗಿಸುವ ಮಾಡಿಗೆ ಒಯ್ಯುವುದು ಹೆಂಗಸರ ಕೆಲಸ. ಕೈ ಒಂದಿಷ್ಟು ವಾಲಿದರೂ ಹಂಚು ಡೊಂಕು. ಡೊಂಕು ಹಂಚು ಕಂಡರೆ ಮೇಸ್ತ್ರಿಯ ಬಾಯಿ ಶುರು. ಆ ಬಾಯಿಯನ್ನು ನಾನು ಬಹಳ ಸಲ ಕೇಳಿದ್ದೇನೆ, ತಿರುಗಿ ಕೊಟ್ಟದ್ದೂ ಇದೆ.

ಅದೇ ಕಾರ್ಖಾನೆಯಲ್ಲಿ ನನ್ನದೇ ಹೆಸರಿನ ಇನ್ನೊಬ್ಬಳಿದ್ದಳು. ಹಳದೀಪುರದವಳು, ನನಗಿಂತ ಹತ್ತಾರು ವರ್ಷ ದೊಡ್ಡವಳು. ಗಂಡ ಗೋವೆಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬದುಕುತ್ತಿದ್ದಳು. ಹೆಸರು ಒಂದೇ ಆದದ್ದರಿಂದ ಕಾರ್ಖಾನೆಯವರೆಲ್ಲ ಅವಳನ್ನು ‘ದೊಡ್ಡದು’ ಎಂದೂ ನನ್ನನ್ನು ‘ಸಣ್ಣದು’ ಎಂದೂ ಕರೆಯುತ್ತಿದ್ದರು. ನನ್ನ ಬಾಯಲ್ಲಿ ಮಾತ್ರ ಅವಳು ದೊಡ್ಡಕ್ಕ. ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಆಳುಗಳನ್ನು ಕರೆಯುವಾಗಲೂ ಹಾಗೆಯೇ. ಅವನಿಗೆ ಓದು ಬರಹ ಬಾರದು, ಎಲ್ಲರ ಹೆಸರೂ ನಾಲಗೆಯ ತುದಿಯಲ್ಲೇ. ‘ದೊಡ್ಡದು!’ ‘ಹ್ಞಾ.’ ‘ಸಣ್ಣದು!’ ‘ಹ್ಞಾ.’ ಹೀಗೆ ಕರೆಸಿಕೊಂಡು ಒಳಗೆ ಹೋಗುವುದರಲ್ಲಿ ನಮಗೇನೂ ಅವಮಾನ ಕಾಣುತ್ತಿರಲಿಲ್ಲ.

ನಮ್ಮ ಹಂಚು ಮಚವೆ ಎಂಬ ಹಾಯಿಹಡಗುಗಳಲ್ಲಿ ಬೊಂಬಾಯಿಗೆ, ಕಾಠೇವಾಡಕ್ಕೆ ಹೋಗುತ್ತಿತ್ತು. ನನ್ನ ಗಂಡ ಅಂಥ ಒಂದು ಮಚವೆಯಲ್ಲಿ ಕಲಾಸಿ. ನಾನು ಹೊತ್ತ ಹಂಚನ್ನೇ ಅವನು ಹಾಯಿ ಬಿಚ್ಚಿ ಸಮುದ್ರ ದಾಟಿಸುತ್ತಾನೆ ಎಂಬುದು ನಮ್ಮ ಮನೆಯ ತಮಾಷೆ. ಆಮೇಲೆ ಒಂದು ವರ್ಷ, ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೂ, ಅಳಿವೆಯ ಒಳಗೆ ಬಂದ ಹಾಯಿಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಲಾರಿಗಳು ಬಂದವು, ಬೊಂಬಾಯಿಯಲ್ಲಿ ಹಂಚು ಕೇಳುವವರು ಇಲ್ಲವಾದರು, ಸಿಮೆಂಟಿನ ತಗಡು ಬಂತು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನನ್ನ ಗಂಡನ ಮಚವೆಯನ್ನು ದಂಡೆಗೆ ಎಳೆದು ಹೆಣೆದ ತೆಂಗಿನ ಮಡಲು ಮುಚ್ಚಿದರು. ಅವನು ಮನೆಯ ಜಗಲಿಯಲ್ಲಿ ಕೂತ.

ಸುಟ್ಟ ಹಂಚು ಹೊಳೆಬದಿಯಲ್ಲಿ ಬೆಳೆಯುತ್ತಾ ಹೋಯಿತು. ಮೊದಲು ಸೊಂಟದಷ್ಟು, ಆಮೇಲೆ ತಲೆ ಮೀರಿ, ಕೊನೆಗೆ ತೆಂಗಿನ ಗರಿಗಳ ನಡುವೆ ಕೆಂಪು ಗೋಡೆಗಳು ಎದ್ದು ನಿಂತವು. ಸಂಜೆಯ ಬಿಸಿಲು ಬಿದ್ದಾಗ ಆಚೆ ದಡದ ಕಾಸರಕೋಡಿನವರೂ ನಿಂತು ನೋಡುತ್ತಿದ್ದರಂತೆ. ಇಷ್ಟನ್ನೂ ನಮ್ಮ ಕೈಗಳೇ ಹೊತ್ತವೇ ಎಂದು ನನಗೆ ಬೆರಗು. ಊರೂರಿಗೆ ಮನೆ ಹೊದೆಸುವಷ್ಟು ಹಂಚು, ಅದರ ನೆರಳಲ್ಲಿ ಕೂತು ಗಂಜಿ ಕುಡಿಯುವ ನಾವು ಮಡಲಿನ ಸೂರಿನವರು. ನಕ್ಕು ಬಿಡಬೇಕು ಅನ್ನಿಸುತ್ತಿತ್ತು. ನಗು ಬರುತ್ತಿರಲಿಲ್ಲ.

ಒಂದು ದಿನ ಧಣಿಗಳೇ ಗೇಟಿಗೆ ಬರುತ್ತಾರೆ, ಅರ್ಧ ಆಳುಗಳನ್ನು ನಿಲ್ಲಿಸುತ್ತಾರೆ, ಹೆಸರು ಕರೆದವರಿಗೆ ಮಾತ್ರ ಕೆಲಸ ಎಂದು ಸುದ್ದಿ ಬಂತು. ಹಿಂದಿನ ರಾತ್ರಿ ಅತ್ತೆ ಇಡಗುಂಜಿಯ ಗಣಪತಿಗೆ ಹರಕೆ ಹೊತ್ತರು. ಗಂಡ ಒಂದೇ ಮಾತು ಹೇಳಿದ: ‘ನಿಂದೂ ಹೋದ್ರೆ ನಾ ಬೊಂಬಾಯಿಗೆ ಹೋತೆ. ಹೋಟೆಲಲ್ಲಿ ಪ್ಲೇಟು ತೊಳೀತೆ. ನೀನು ಮಗೀನ ಕಟ್ಕಂಡು ತವರಿಗೆ ಹೋಗು.’ ತವರೆಂದರೆ ಕುಮಟೆಯ ಹತ್ತಿರ ಅಣ್ಣನ ಮನೆ. ಅಣ್ಣನೇ ಬಟವಡೆ ಇಲ್ಲದೆ, ಕೂಲಿ ಸಿಕ್ಕೀತೆಂದು ಕುಮಟೆಯ ವಖಾರಿಗಳ ಬಾಗಿಲಲ್ಲಿ ಕಾಯುತ್ತಿದ್ದವನು. ಮಗಳಿಗೆ ಆಗ ಎರಡು ವರ್ಷ, ಅಪ್ಪನ ಹೆಗಲು ಬಿಟ್ಟು ಇಳಿಯದವಳು. ಮನೆ ಮೂರು ಪಾಲಾಗುವುದು ನನ್ನೊಂದು ಹೆಸರಿನ ಮೇಲೆ ನಿಂತಿತ್ತು.

ಬೆಳಿಗ್ಗೆ ಧಣಿಗಳು ಕೊಡೆ ಊರಿಕೊಂಡು ನಿಂತಿದ್ದರು. ಅವರ ಎದುರು ನಮ್ಮ ಮೇಸ್ತ್ರಿಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಟ್ಟಿತ್ತು. ‘ಕುಂಟ’, ‘ಬಾಯಿಬಡಕಿ’ ಎಂದೆಲ್ಲ ಕರೆಯುವವನು ಆವತ್ತು ಒಬ್ಬೊಬ್ಬರಿಗೂ ತಾಯಿ ತಂದೆ ಇಟ್ಟ ಹೆಸರನ್ನೇ ಹಿಡಿದ. ಕೆಲವರಿಗೆ ತಮ್ಮ ಹೆಸರು ತಮಗೇ ಗುರುತು ಸಿಗದೆ ಪಕ್ಕದವರು ತಿವಿಯಬೇಕಾಯಿತು. ಹಾಗೆ ಕೂಗುತ್ತಾ ಕೂಗುತ್ತಾ ನನ್ನ ಹೆಸರನ್ನೂ ಕೂಗಿದ. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ, ಬರೀ ಹೆಸರು.

‘ಹ್ಞಾ!’ ಎಂದೆ. ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಗೇಟಿನ ಮೇಲೆ ಕೂತಿದ್ದ ಕಾಗೆ ಹಾರಿತು.

ಆಗಲೇ ಹಿಂದಿನಿಂದ ಇನ್ನೊಂದು ‘ಹ್ಞಾ’ ಕೇಳಿದ್ದು. ತಿರುಗಿ ನೋಡಿದೆ. ದೊಡ್ಡಕ್ಕ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಳು.

ಧಣಿಗಳು ಹುಬ್ಬು ಏರಿಸಿದರು. ‘ಇದೆಂತದು? ಕರೆದದ್ದು ಒಬ್ಬರನ್ನ, ಬಂದದ್ದು ಇಬ್ಬರು. ಇವರಲ್ಲಿ ಯಾರು, ಮೇಸ್ತ್ರಿ?’

ಮೇಸ್ತ್ರಿ ಬಾಯಿ ತೆರೆದ. ಅವನಿಗಿಂತ ಮೊದಲು ದೊಡ್ಡಕ್ಕ ಮಾತಾಡಿದಳು.

‘ಒಡೆಯಾ, ನಮ್ಮಿಬ್ರದ್ದೂ ಒಂದೇ ಹೆಸ್ರು. ನಿಮ್ಗೆ ಬೇಕಾದ್ದು ಒಂದು ಆಳು. ಒಂದು ವಾರ ಇದು ಬತ್ತದೆ, ಒಂದು ವಾರ ನಾ ಬತ್ತೆ. ಹಂಚು ಹೊತ್ರೆ ಆತಲ್ಲ?’

ಧಣಿಗಳಿಗೆ ನಗು ಬಂತು. ‘ಹೊತ್ತರೆ ಆಯ್ತು. ಆದರೆ ಒಡೆದರೆ ಇಬ್ಬರ ಪಗಾರಕ್ಕೂ ಕತ್ತರಿ, ನೋಡಿ.’

‘ಇಬ್ರದ್ದು ಎಲ್ಲಿ ಒಡೆಯಾ, ಇರೂದೇ ಒಂದು ಅಲ್ದ?’ ಎಂದು ಕೇಳಿದ್ದು ನಾನು. ನನ್ನ ನಾಲಗೆ ಆಗಲೂ ಹಾಗೆಯೇ.

ಸುತ್ತಲಿದ್ದವರೆಲ್ಲ ನಕ್ಕರು. ಆ ನಗುವಿನಲ್ಲೇ ನಮ್ಮ ಮಾತು ಆಗಿಹೋಯಿತು. ಮೇಸ್ತ್ರಿ ತೆರೆದ ಬಾಯಿಯನ್ನು ಮುಚ್ಚಿ ಮುಂದಿನ ಹೆಸರು ಕರೆದ.

ಆಮೇಲೆ ನಡೆದದ್ದನ್ನು ಈಗ ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಆ ವಾರ ಕಳೆಯುವುದರೊಳಗೆ ಅಚ್ಚಿನ ಬಳಿಯ ಗಂಡಸೊಬ್ಬ ಕೆಲಸ ಕಳೆದುಕೊಂಡ ತನ್ನ ಜೊತೆಗಾರನ ಜತೆ ಪಾಳಿ ಮಾಡಿಕೊಂಡ. ಅವರ ಹೆಸರು ಒಂದಕ್ಕೊಂದು ಸಂಬಂಧವಿಲ್ಲದ್ದು. ಆದರೂ ಮೇಸ್ತ್ರಿ ಒಬ್ಬನನ್ನು ಕರೆದಾಗ ಇನ್ನೊಬ್ಬ ‘ಹ್ಞಾ’ ಎಂದು ಒಳಗೆ ಹೋದ. ಮಣ್ಣು ತುಳಿಯುವವರು ಮಾಡಿದರು. ಭಟ್ಟಿಗೆ ಸೌದೆ ಹಾಕುವವರು ಮಾಡಿದರು. ಒಂದು ದಿನ ಹೆಂಗಸಿನ ಹೆಸರಿಗೆ ದೊಡ್ಡ ಮೀಸೆಯವನೊಬ್ಬ ಓಗೊಟ್ಟ. ಅವನ ನಾದಿನಿಯ ಹೆಸರಂತೆ. ಮೇಸ್ತ್ರಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಸೀರೆ ಎಲ್ಲಿ ಬಿಟ್ ಬಂದ್ಯೋ?’ ಎಂದು ಕೇಳಿ ಒಳಗೆ ಬಿಟ್ಟ. ಧಣಿಗಳಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದರು. ಯಾರೂ ಕೂತು ಸಭೆ ಮಾಡಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಹಸಿದ ಜನ ಇದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿಕೊಂಡರು. ನಾನು ಆಮೇಲೆ ಯಾಣದ ಬಂಡೆ ನೋಡಿದ್ದೇನೆ, ಜೋಗ ನೋಡಿದ್ದೇನೆ. ಆ ಗೇಟಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಂಡದ್ದರ ಮುಂದೆ ಅವು ನನಗೆ ಸಣ್ಣವೇ.

ಅರ್ಧ ಪಗಾರದಲ್ಲಿ ನಮ್ಮ ಮನೆ ಹೇಗೋ ನಿಂತಿತು. ಪಾಳಿ ಇಲ್ಲದ ವಾರ ನೀರು ಇಳಿದ ಹೊತ್ತಿಗೆ ಹೊಳೆಗೆ ಹೋಗಿ ಬಳಚಿನ ಚಿಪ್ಪು ಹೆಕ್ಕುತ್ತಿದ್ದೆ. ಅಂಬಲಿಗೆ ಅದೇ ಪಲ್ಯ, ಅದೇ ಸಾರು. ಗಂಡ ಕುಮಟೆಗೂ ಭಟ್ಕಳಕ್ಕೂ ಕೆಲಸ ಹುಡುಕಿ ನಡೆದು ನಡೆದು ಚಪ್ಪಲಿ ಸವೆಸಿದ. ಹೋದಲ್ಲೆಲ್ಲ ಅವನ ಹಾಗೆ ನಡೆದು ಬಂದವರೇ ಕೂತಿದ್ದರಂತೆ. ಕೊನೆಗೆ ಬಲೆ ಹೆಣೆಯುವ ಕೆಲಸ ಅಷ್ಟಿಷ್ಟು ಸಿಕ್ಕಿತು. ಬೊಂಬಾಯಿಯ ಮಾತು ಮತ್ತೆ ಎತ್ತಲಿಲ್ಲ. ಮಗಳು ಅವನ ಹೆಗಲ ಮೇಲೆಯೇ ಬೆಳೆದಳು.

ದೊಡ್ಡಕ್ಕ ತನ್ನ ಖಾಲಿ ವಾರಗಳಲ್ಲಿ ಗುಡ್ಡದಿಂದ ಸೌದೆ ಹೊತ್ತು ಮಾರುತ್ತಿದ್ದಳು. ಸೋಮವಾರ ಗೇಟಿನಲ್ಲಿ ನಾವು ಪಾಳಿ ಬದಲಿಸುವಾಗ ಒಂದು ಗಳಿಗೆ ನಿಂತು ಮಾತಾಡುತ್ತಿದ್ದೆವು. ಆ ಮಳೆಗಾಲದ ಹೊತ್ತಿಗೆ ಅವಳು ದೊಡ್ಡ ಮಗನನ್ನು ಭಟ್ಕಳದಲ್ಲಿರುವ ತನ್ನ ತಮ್ಮನ ಮನೆಗೆ ಕಳಿಸಿದಳು. ‘ಅಲ್ಲಿ ಅಂಗಡಿ ಉಂಟು. ಹೊಟ್ಟಿಗೆ ಹಾಕ್ತ್ರು’ ಎಂದಷ್ಟೇ ಹೇಳಿದಳು. ‘ಸಾಲೆ?’ ಎಂದು ಕೇಳಿದೆ. ‘ಅಲ್ಲೂ ಸಾಲೆ ಉಂಟಲ್ಲೆ’ ಎಂದಳು. ಎಲ್ಲರ ಮನೆಯಲ್ಲೂ ಒಬ್ಬರಲ್ಲ ಒಬ್ಬರು ಎಲ್ಲಿಗೋ ಹೋಗುತ್ತಿದ್ದ ಕಾಲ. ನಾನು ಹೆಚ್ಚು ಕೇಳಲಿಲ್ಲ.

ಹೀಗೆ ಒಂದೂವರೆ ವರ್ಷ ಹೋಯಿತು. ಆಮೇಲೆ ಘಟ್ಟದ ಮೇಲೆ ಅಣೆಕಟ್ಟು ಕಟ್ಟುವವರ ವಸತಿಗೆ ಹಂಚು ಬೇಕೆಂದು ಲಾರಿಗಳು ಸಾಲಾಗಿ ಬರತೊಡಗಿದವು. ಹೊಳೆಬದಿಯ ಕೆಂಪು ಗೋಡೆಗಳು ಕರಗಿದವು. ಮಡಲು ಮುಚ್ಚಿದ ಮಚವೆ ಹಾಗೆಯೇ ಉಳಿಯಿತು, ಆದರೆ ಭಟ್ಟಿ ಮತ್ತೆ ಪೂರ್ತಿ ಉರಿಯಿತು, ಎಲ್ಲರಿಗೂ ಕರೆ ಬಂತು.

ಆ ದಿನ ಮೇಸ್ತ್ರಿ ಬಾಯಿ ತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು ಖುಷಿಯಲ್ಲಿದ್ದ. ನಾನು ಹಲಗೆ ಹೊತ್ತು ಹೋಗುವಾಗ ಕರೆದು ಕೆಣಕಿದ.

‘ಏ ಸಣ್ಣದೇ, ನಿನ್ನ ಹಣೆಬರ ಗಟ್ಟಿ ಕಾಣೆ. ಆವತ್ತು ನಾ ಕೂಗಿದ್ದು ನಿನ್ನಲ್ಲ.’

‘ಮತ್ತೆ?’

‘ದೊಡ್ಡದನ್ನ. ಹಿಂದಿನ ಸಂಜೇನೇ ಅವ್ಳಿಗೆ ಹೇಳಿದ್ದೆ, ನೀ ಇದ್ದೆ, ಸಣ್ಣದು ಇಲ್ಲೆ ಅಂತ. ಧಣಿ ಎದ್ರಿಗೆ ದೊಡ್ಡದು ಸಣ್ಣದು ಅಂದ್ರೆ ಚಂದ ಕಾಣೂದಿಲ್ಲ ಹೇಳಿ ಬರೀ ಹೆಸ್ರು ಕರ್ದೆ. ನೀ ಕಾಗೆ ಹಾರ್ಸಿ ಬಿಟ್ಟೆ. ನಾ ಸರಿ ಮಾಡೂಕೆ ಹೋದ್ರೆ ಅವ್ಳೇ ಬಾಯಿ ಹಾಕ್ದಳು.’

ಹಲಗೆಯ ಮೇಲಿದ್ದ ಹಂಚು ಡೊಂಕಾಯಿತು. ಅವನು ಬೈಯಲಿಲ್ಲ.

ದೊಡ್ಡಕ್ಕ ಮಾಡಿನ ಕೊನೆಯಲ್ಲಿ ಹಂಚು ಜೋಡಿಸುತ್ತಿದ್ದಳು. ಹೋಗಿ ಎದುರಿಗೆ ನಿಂತೆ. ‘ನಿಂಗೆ ಗೊತ್ತಿತ್ತು’ ಎಂದೆ.

ಅವಳು ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ‘ಅವ್ನ ಬಾಯಲ್ಲಿ ಕವಳ ನಿಂತ್ರೂ ಮಾತು ನಿಲ್ಲೂದಿಲ್ಲ’ ಎಂದಳು.

‘ಎಂತಕ್ಕೆ ಹೇಳಿಲ್ಲೆ ನೀನು?’

‘ನೀ ಹ್ಞಾ ಅಂದದ್ದು ನಿಂಗೆ ಕೇಳ್ಲಿಲ್ಲೆ, ನಂಗೆ ಕೇಳ್ತು. ಅದು ಕೇಳ್ದ ಮೇಲೆ, ಇದು ನೀನಲ್ಲ, ನಾನು ಅಂತ ಹ್ಯಾಂಗೆ ಹೇಳೂದೆ? ಪೂರ್ತಿ ಬಿಡೂಕೂ ನಂಗೆ ಆಗೂದಿಲ್ಲಾಗಿತ್ತು. ಅರ್ಧ ಮಾಡ್ದೆ.’ ಕೈಯಲ್ಲಿದ್ದ ಹಂಚನ್ನು ಸಾಲಿಗೆ ಸೇರಿಸಿ, ‘ನಾಳೆ ಆದಿತ್ಯವಾರ. ಭಟ್ಕಳಕ್ಕೆ ಹೋಗಿ ಹುಡುಗನ್ನ ಕರ್ಕಂಬತ್ತೆ’ ಎಂದಳು.

‘ನಾನೂ ಬತ್ತೆ’ ಎಂದೆ. ಏಕೆ ಹಾಗೆಂದೆನೋ, ಒಬ್ಬಳನ್ನೇ ಕಳಿಸಲು ನನ್ನಿಂದ ಆಗಲಿಲ್ಲ.

ಮಾರನೆ ದಿನ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಬಸ್ಸು ಹಿಡಿದು ಹೋದೆವು. ಹುಡುಗ ಅಂಗಡಿಯ ಮುಂದೆ ಗೋಣಿ ಮಡಿಸುತ್ತಿದ್ದ. ಉದ್ದಕ್ಕೆ ಬೆಳೆದಿದ್ದ. ಗಿರಾಕಿಯೊಬ್ಬರ ಜತೆ ಆ ಊರಿನ ನವಾಯತಿ ಭಾಷೆಯಲ್ಲಿ ಸರಾಗ ಮಾತಾಡುತ್ತಿದ್ದ. ತಾಯಿಯನ್ನು ಕಂಡು ಓಡಿ ಬರಲಿಲ್ಲ. ಮಡಿಸುತ್ತಿದ್ದ ಗೋಣಿಯನ್ನು ಪೂರ್ತಿ ಮಡಿಸಿಟ್ಟು, ‘ಎಂತಕ್ಕೆ ಬಂದೆ?’ ಎಂದು ಕೇಳಿದ. ‘ಕರ್ಕಂಡು ಹೋಗೂಕೆ’ ಎಂದಳು. ಅವನು ಒಳಗೆ ಹೋಗಿ ಗಂಟು ತಂದ.

ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತು ಇಡೀ ದಾರಿ ಎದುರಿನ ಸೀಟನ್ನೇ ನೋಡಿದ. ದೊಡ್ಡಕ್ಕ ಮನೆಯ ಸುದ್ದಿ, ಅವನ ತಮ್ಮನ ಸುದ್ದಿ, ಬೆಕ್ಕು ಮರಿ ಹಾಕಿದ ಸುದ್ದಿ ಎಲ್ಲ ಹೇಳಿದಳು. ನನ್ನ ಮಗಳು ಆ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಕೂತು ಹೊಳೆದಂಡೆಯಲ್ಲಿ ತಿರುಗುತ್ತಿರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅಷ್ಟು ದಿನ ಈ ಹೆಂಗಸನ್ನು ಧೈರ್ಯದವಳು, ಜಾಣೆ ಎಂದುಕೊಂಡಿದ್ದೆ. ಪಗಾರದ ಜೊತೆಗೆ ಅವಳು ಏನನ್ನು ಅರ್ಧ ಮಾಡಿದ್ದಳು ಎಂಬುದು ಆ ಬಸ್ಸಿನಲ್ಲಿ ಕಂಡಿತು. ಹೆದರಿಕೆಯಾಗುವಷ್ಟು ದೊಡ್ಡದು ಅದು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಕಾಸರಕೋಡಿನಲ್ಲಿ ಇಳಿದು ತಾರಿಗೆ ಕಾದೆವು. ಗಾಳಿ ಇತ್ತು, ಹೊಳೆ ಎದ್ದಿತ್ತು. ದೋಣಿ ನಡುನೀರಿಗೆ ಬಂದು ವಾಲಿದಾಗ ಹುಡುಗ ತಾಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದ. ದೊಡ್ಡಕ್ಕ ಅಲುಗಾಡದೆ ಕೂತಳು. ಹೊನ್ನಾವರದ ದಂಡೆ ಮುಟ್ಟಿ ಎಲ್ಲರೂ ಇಳಿದರೂ ಅವಳು ಏಳಲಿಲ್ಲ, ಎದ್ದರೆ ಅವನು ಬಿಟ್ಟುಬಿಡುತ್ತಾನೋ ಎಂದು.